ಆಕಾರ

ಟೊರಿನೋ, ಎಪ್ಪತ್ತೈದನೇ ಇಸವಿ, ಮಾರ್ಚಿ.
ಹಗಲು ಮಕ್ಕಳು ಕೂರುವ ಬೆಂಚಿನಲ್ಲಿ
ಸಂಜೆ ಎರ್ಸೀಲಿಯಾಳ ಮೊಣಕಾಲು ಹಿಡಿಸುವುದಿಲ್ಲ.
ಪಾಳಿಗೆ ನೂರರವತ್ತು ಕಾರು ಸೀಟಿನ ಕವಚ
ಹೊಲಿದು ಬಂದ ಬೆರಳು
ಪೆನ್ನನ್ನೂ ಸೂಜಿಯಂತೆ ಹಿಡಿದಿದೆ: ಚುಚ್ಚಿ, ಎಳೆದು.

ಸಂಘ ಜಗಳವಾಡಿ ಗೆದ್ದ ನೂರೈವತ್ತು ಗಂಟೆ,
ಓದಿಗೆಂದು, ಸಂಬಳ ಮುರಿಯದೆ.
ಗಂಡಸರು ಲೆಕ್ಕ ಕಲಿಯಲು ಬಂದರು.
ಇವಳೇಕೆ ಬಂದಳೆಂದು ಇವಳನ್ನೇ ಕೇಳಿದರೆ
"ಮಳೆ ಬರ್ತಿತ್ತು, ಬಾಗಿಲು ತೆರೆದಿತ್ತು" ಅನ್ನುತ್ತಾಳೆ.

ಟೀಚರು ಲೊರೆದಾನಾ, ಇಪ್ಪತ್ತಾರು, ತೋಳತುಂಬ ಸೀಮೆಸುಣ್ಣ:
"ಹತ್ತೇ ಸಾಲು. ನಿಮ್ಮ ಒಂದು ದಿನ."

ಎರ್ಸೀಲಿಯಾ ಬರೆದಳು:
ಐದಕ್ಕೆ ಏಳಲಾಗುತ್ತದೆ.
ಕಾಫಿ ಇಡಲಾಗುತ್ತದೆ. ಅತ್ತೆಯ ಮೈ ಒರೆಸಲಾಗುತ್ತದೆ.
ಟ್ರಾಮಿಗೆ ಓಡಲಾಗುತ್ತದೆ.

"ಯಾರು ಏಳುತ್ತಾರೆ, ಎರ್ಸೀಲಿಯಾ?"
"ಯಾರು ಅಂದರೆ? ಮನೆ ಅಂದಮೇಲೆ
ಯಾರಾದರೂ ಏಳಲೇಬೇಕಲ್ಲ."
ಹಿಂದಿನ ಬೆಂಚು ನಕ್ಕಿತು.
ಟೀಚರು ನಗಲಿಲ್ಲ. ಕಾದಳು.
ಹೊರಗೆ ತಿರುವಿನಲ್ಲಿ ಟ್ರಾಮು ಕಿರುಗುಟ್ಟಿತು.

ಇಲ್ಲೊಂದು ಮಾತು, ಕನ್ನಡದಲ್ಲಿ ಹೇಳಲು ಕಷ್ಟ.
ನಮ್ಮ 'ಎದ್ದೆ'ಯೊಳಗೆ ನಾನು ಇದ್ದೇನೆ, ಸರಿ;
ಹೆಣ್ಣೋ ಗಂಡೋ, ಆ ಎತ್ವ ಕೇಳುವುದಿಲ್ಲ.
ಅವಳ ನುಡಿಯಲ್ಲಿ ಎದ್ದವರ ಗುರುತು
ಪದದ ತುದಿಗೇ ಅಂಟಿರುತ್ತದೆ:
ಗಂಡಸಾದರೆ ಓಕಾರ, ಹೆಂಗಸಾದರೆ ಆಕಾರ.

ಬರೆದಳು, ಅಳಿಸಿದಳು, ಕಾಗದ ಹರಿಯಿತು.
ಹರಿದ ತೂತಿನ ಪಕ್ಕದಲ್ಲೇ, ತೇಪೆ ಹಾಕಿದ ಹಾಗೆ,
ಮತ್ತೆ ಬರೆದಳು: ಇವತ್ತು ನಾನು ಐದಕ್ಕೆ ಎದ್ದೆ.
ನಲವತ್ಮೂರು ವರ್ಷ ಬಾಯಲ್ಲಿ ಸುಮ್ಮನೆ ಬಂದುಹೋಗುತ್ತಿದ್ದ ಸ್ವರ
ದುಂಡು ಹೊಟ್ಟೆ, ಪುಟ್ಟ ಬಾಲ,
ಆಕಾರ ತಳೆದು ಕೂತಿತು.

ಸಂಘದವರು ಅದನ್ನು ಸೈಕ್ಲೋಸ್ಟೈಲ್ ಮಾಡಿದರು.
ಹೊಲಿಗೆ ವಿಭಾಗದಲ್ಲಿ ಏಪ್ರನ್ ಜೇಬಿನಿಂದ ಏಪ್ರನ್ ಜೇಬಿಗೆ
ಎಣ್ಣೆ ಹತ್ತಿಸಿಕೊಂಡು ತಿರುಗಿತು.
ವಾಪಸು ಬಂದಾಗ ಕೆಳಗೆ ಯಾರದೋ ಪೆನ್ಸಿಲ್:
ನಾನು ನಾಲ್ಕೂವರೆಗೆ.
ಅದರ ಕೆಳಗೆ, ಇನ್ನೊಂದು ಕೈ:
ನಾನು ಮಲಗಲೇ ಇಲ್ಲ.

ಮೇ ತಿಂಗಳಲ್ಲಿ ರೋಮಿನಲ್ಲಿ ಕಾನೂನು ಬದಲಾಯಿತು;
ಮನೆಗೆ ಇನ್ನು ಗಂಡನೊಬ್ಬನೇ ಯಜಮಾನನಲ್ಲ.
ಆ ಪತ್ರಿಕೆ ಹಾಸಿಕೊಂಡೇ
ಗೌದೆಂಜಿಯೊ ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದ.
ಮೇಜಿನ ಮೇಲೆ ಅವಳ ಹಾಳೆ ಕಂಡು
ಕೈ ಒರೆಸಿಕೊಂಡ. ತುಟಿಯಾಡಿಸುತ್ತ ಓದಿದ.
ಇನ್ನೊಮ್ಮೆ ಓದಿದ.
"ಇದರಲ್ಲಿ ನಾನೇ ಇಲ್ಲವಲ್ಲ?"

"ಹತ್ತೇ ಸಾಲು ಅಂದಿದ್ದರು," ಎಂದಳು.
ಒಲೆ ಆರಿಸಿದಳು.
"ಬರೋ ವಾರ ಇಪ್ಪತ್ತು."