ಫೋಟೋ ಇಲ್ಲದ್ದು

ಈದಿನ ಎರಡನೇ ದಿನ.
ಶಾರ್ಜಾಕ್ಕೆ ಶಾರ್ಜಾವೇ ಬಸ್ಸಿನ ಸಾಲಲ್ಲಿ ನಿಂತಿತ್ತು,
ಅತ್ತರು, ಬೆವರು, ಹೊಸ ಚಪ್ಪಲಿಯ ರಬ್ಬರು ವಾಸನೆ.
ರೋಲಾದ ಒಂದೇ ಕೋಣೆಯಿಂದ ಹೊರಟ ನಾವು ನಾಲ್ವರು:
ಹುಬ್ಬು ತೀಡುವ ಜಲಜಾಕ್ಷಿ,
ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತು ಹಗಲಿಡೀ ನಗುವ ಫ್ಲೇವಿಯಾ,
ಯಾರದೋ ಮನೆಯ ಹನ್ನೊಂದು ಜನಕ್ಕೆ ಬೇಯಿಸುವ ನೆಬೀಸಕ್ಕ,
ಅಬಾಯದ ಅಂಚಿಗೆ ಮಣಿ ಹೊಲಿಯುವ ನಾನು.
ದುಬೈ ನೋಡಲಿಕ್ಕೆ.
ಆರು ವರ್ಷ ಅರ್ಧ ಗಂಟೆಯ ದೂರದಲ್ಲಿದ್ದೂ
ನೋಡದೆ ಉಳಿದದ್ದನ್ನು.

ಮೆಟ್ರೋದಲ್ಲಿ ತಿಂದರೆ ದಂಡ ಎಂದು ಫ್ಲೇವಿಯಾ ಓದಿ ಹೇಳಿದ್ದೇ
ನೆಬೀಸಕ್ಕ ಗೋಳಿಬಜೆಯ ಡಬ್ಬಿಯನ್ನು
ಶಾಲಿನೊಳಗೆ ಮಲಗಿಸಿಕೊಂಡಳು.
ಎದುರಿನ ಹೆಂಗಸು ಎದ್ದು
ಮಗು ಎಂದುಕೊಂಡು ಸೀಟು ಬಿಟ್ಟುಕೊಟ್ಟಳು.

ಗೋಪುರ ಫೋನಿನೊಳಗೆ ಹಿಡಿಸಲಿಲ್ಲ.
ಹಿಂದೆ ಸರಿದರೆ ನೀರು, ಮುಂದೆ ಹೋದರೆ ಬರೀ ಬುಡ.
ಜಲಜಾಕ್ಷಿ ಕೊನೆಗೆ ನೆಲದ ಮೇಲೆ ಅಂಗಾತ ಮಲಗಿದಳು.
ನೇಪಾಳಿ ಗಾರ್ಡು ಓಡಿ ಬಂದ, ಆಚೆ ಈಚೆ ನೋಡಿದ,
ತಾನೇ ಮಂಡಿಯೂರಿ ಫೋನು ಇಸಕೊಂಡ.
ನಾವೂ ಬಂದೆವು, ಗೋಪುರವೂ ಬಂತು,
ಮೂಲೆಯಲ್ಲಿ ಅವನ ಹೆಬ್ಬೆರಳೂ.
ಮೇಲೆ ಹತ್ತುವ ಟಿಕೇಟಿನ ಬೆಲೆ ಕೇಳಿ
ಫ್ಲೇವಿಯಾ ಕ್ಲಿನಿಕ್ಕಿನ ನಗು ನಕ್ಕಳು:
'ಊರಿಗೆ ಹೋಗುವಾಗ ವಿಮಾನದಿಂದ ಕಾಣ್ತದೆ ಮಾರಾಯ್ತಿ,
ಅದರ ದುಡ್ಡಲ್ಲೇ ಇದೂ ಸೇರಿದೆ.'

ಮಾಲಿನೊಳಗೆ ಮೂರು ಮಾಳಿಗೆ ಎತ್ತರದ ಗಾಜು,
ಗಾಜಿನಾಚೆ ಸಮುದ್ರ.
ಜನ ಉಸಿರು ಬಿಗಿಹಿಡಿದು ನಿಂತಿದ್ದರು.
ನೆಬೀಸಕ್ಕ ಮಾತ್ರ ಬೆರಳು ನೀಡಿ,
'ಇದು ಮುರು. ಅಗೋ ತೊರಕೆ. ಅದು ತಾಟೆ,
ಎಳೆಯದಾದರೆ ಪುಳಿಮುಂಚಿಗೆ ಆದೀತು,
ಇಷ್ಟು ಬೆಳೆದದ್ದು ನಾರು.'
ಪಕ್ಕದ ಬಿಳಿಯನೊಬ್ಬ ತಲೆದೂಗುತ್ತ ಕೇಳುತ್ತಿದ್ದ,
ಗೈಡು ಎಂದುಕೊಂಡಿರಬೇಕು.

ಆಗ ಕಂಡಿತು.

ಅಷ್ಟು ಬೆನ್ನುಗಳ ನಡುವೆ ಒಂದು ಬೆನ್ನು.
ನೀರಿನ ನೀಲಿ ಬಿದ್ದು ಒಂದೊಂದೇ ಹೊತ್ತಿಕೊಳ್ಳುವ ಮಣಿ.
ಬಳ್ಳಿ ಹೆಗಲಿಂದಿಳಿದು ಎಡದೋಳಿಗೆ ತಿರುಗುವಲ್ಲಿ
ಒಂದು ಎಲೆ ಅಡ್ಡ ಮಲಗಿದೆ.
ಆ ರಾತ್ರಿ ನನಗೆ ತೂಕಡಿಕೆ.
'ಬಿಡು, ಯಾರು ನೋಡ್ತಾರೆ' ಅಂದಿದ್ದ ಅಂಗಡಿಯವನು.
ನಾನು ನೋಡಿದೆ.

ಹದಿನೇಳು ರಾತ್ರಿ ನನ್ನ ಮಡಿಲಲ್ಲಿದ್ದದ್ದು
ಈಗ ತಾನಾಗಿ ನಡೆಯುತ್ತಿತ್ತು,
ಬಗ್ಗುತ್ತಿತ್ತು, ಯಾರಿಗೋ ಫೋನಿನಲ್ಲಿ ಸಿಡುಕುತ್ತಿತ್ತು.
ಅವಳ ಮಗು ಐಸ್‌ಕ್ರೀಮು ಮೆತ್ತಿದ ಮೂತಿ ಎತ್ತಿತು.
ಚೀಲ ತಡಕಿದಳು, ಕಾಗದ ಸಿಗಲಿಲ್ಲ.
ತೋಳಿನ ಅಂಚಿನಲ್ಲೇ ಒರೆಸಿಬಿಟ್ಟಳು.
ಅಯ್ಯೋ ಅಂದೆ, ಜೋರಾಗಿಯೇ,
ಆಮೇಲೆ ಯಾಕೋ ನಗು ಬಂತು.

ಮೂವರಿಗೂ ಹೇಳಿದೆ.
ಮೀನಿಗೆ ಬೆನ್ನು ಹಾಕಿ ನಾಲ್ವರೂ ಸಾಲಾಗಿ ನಿಂತೆವು.
'ತೆಗಿ, ತೆಗಿ' ಫ್ಲೇವಿಯಾ ಗೊಣಗಿದಳು.
'ಬೇಡ. ಇಲ್ಲಿನ ಹೆಂಗಸರ ಫೋಟೋ ತೆಗೆದರೆ ಪೊಲೀಸು,'
ಎಂದ ಜಲಜಾಕ್ಷಿ ನನ್ನ ಕೈ ಹಿಡಿದು
ಹುಬ್ಬಿನಷ್ಟೇ ಹತ್ತಿರದಿಂದ ಬೆರಳ ತುದಿ ನೋಡಿದಳು,
ಸೂಜಿ ಚುಚ್ಚಿದ ಕಲೆಗಳನ್ನು.
ಎಸ್ಕಲೇಟರು ಆ ಬಳ್ಳಿಯನ್ನು
ಕಾಲಿನಿಂದಲ್ಲ, ತಲೆಯಿಂದ ಮೊದಲಾಗಿ
ಮೇಲಿನ ಮಾಳಿಗೆಗೆ ತೆಗೆದುಕೊಂಡಿತು.

ಸಂಜೆ ಹೊಳೆಯಂಥ ಖಾರಿಯ ಮೇಲೆ, ಅಬ್ರಾದಲ್ಲಿ,
ತಲೆಗೊಂದು ದಿರ್ಹಮು.
ಡಬ್ಬಿ ತೆರೆಯಿತು. ಗೋಳಿಬಜೆ ತಣ್ಣಗಾಗಿ ಕಲ್ಲಾಗಿತ್ತು,
ಒಂದೂ ಉಳಿಯಲಿಲ್ಲ.
ಫ್ಲೇವಿಯಾ ಎಣಿಸಿದಳು: ನೂರ ಹನ್ನೆರಡು ಫೋಟೋ.
'ಅವಳು ಎಷ್ಟು ಕೊಟ್ಟಿರಬಹುದು ಅದಕ್ಕೆ?'
ನೆಬೀಸಕ್ಕ ಕೇಳಿದಳು.

ಬಿಲ್ಲು ಮಡಚಿಟ್ಟವಳು ನಾನೇ.
ಅದರಲ್ಲಿ ನಾಲ್ವರೂ ಗೋಪುರ ಹತ್ತಿ ಇಳಿದು
ಇನ್ನೊಮ್ಮೆ ಹತ್ತಬಹುದಿತ್ತು.
'ಗೊತ್ತಿಲ್ಲಕ್ಕ' ಅಂದೆ.

ಆಚೆ ದಡ ಬಂತು. ಯಾರೂ ಇಳಿಯಲಿಲ್ಲ.
ದೋಣಿಯವನು ಮತ್ತೆ ಕೈಯೊಡ್ಡಿದ,
ನಾಲ್ಕು ಬಿಲ್ಲೆ ಎಣಿಸಿ ಹಾಕಿದೆವು.