ಐಸ್ ಫ್ಯಾಕ್ಟರಿಯ ಮೇಲೆ ಕ್ಯಾಬರೆ

ಬೈತಖೋಲದ ಐಸ್ ಫ್ಯಾಕ್ಟರಿಯ ಅಟ್ಟದ ಮೇಲೆ
ಕ್ಯಾಬರೆಯಂತೆ, ಎಂದು ಊರೆಲ್ಲ ಸುದ್ದಿ.
ಆರೂವರೆಗೇ ಬಂದು ಮುಂದಿನ ಸಾಲು ಹಿಡಿದರು
ತಲೆಗೆ ನೀರು ಹಚ್ಚಿ ಬಾಚಿದ ಗಂಡಸರು.
ಒಬ್ಬ ಅತ್ತರು ಕೂಡ ಹಾಕಿದ್ದ,
ಬಂಗಡೆಯ ವಾಸನೆ ಅದಕ್ಕೆ ಸೊಪ್ಪು ಹಾಕಲಿಲ್ಲ.

ನಾನು ಮೈಕ್ ಸೆಟ್ಟಿನವನು.
ಮದುವೆ, ತೊಟ್ಟಿಲು, ವೋಟಿನ ಆಟೋ,
ಮೀನುಗಾರರ ಸೊಸೈಟಿಯ ವಾರ್ಷಿಕ ಸಭೆ,
ಈ ಊರಿನ ಎಲ್ಲ ದನಿಯೂ ನನ್ನ ಪೆಟ್ಟಿಗೆ ದಾಟಿಯೇ ಹೋದದ್ದು.
ಕ್ಯಾಬರೆಗೆ ಬಾಸ್ ಎಷ್ಟಿಡಬೇಕೆಂದು ಮಾತ್ರ
ಯಾರೂ ಹೇಳಿಕೊಟ್ಟಿರಲಿಲ್ಲ.

ಪರದೆ (ದೋಣಿಯ ಹಳೇ ತಾಡಪಾಲು) ಸರಿದರೆ
ಅರವತ್ತೆಂಟರ ಉರ್ಸುಲಾ ಬಾಯಿ.
ಮಿಂಚುವ ನೀಲಿ ಗೌನು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು.
"ಮಂಡಿ ಮಾತು ಕೇಳುವುದಿಲ್ಲ, ಕೂತೇ ಹಾಡುತ್ತೇನೆ.
ಕುಣಿತ ಬೇಕಾದವರು ನೀವೇ ಕುಣಿಯಿರಿ."
ಅತ್ತರಿನವನು ಎದ್ದ. ಬಾಗಿಲು ಹಿಂದಿತ್ತು,
ನಡುವೆ ಅವನ ಅತ್ತೆ ಕೂತಿದ್ದಳು.
ಕೂತ.

ಮೂವತ್ತೊಂದು ವರ್ಷ ಮುಂಬಯಿಯ ಹೋಟೆಲುಗಳಲ್ಲಿ
ಫೋರ್ಕು ಚಮಚಗಳ ಸದ್ದಿನ ಮೇಲೆ ಹಾಡಿದವಳು.
ಕೆಳಗೆ ಕಂಪ್ರೆಸರ್ ಧಬ ಧಬ ಎನ್ನುತ್ತಿತ್ತು.
ನಿಲ್ಲಿಸಲು ಹೇಳಲಾ, ಅಂದೆ.
"ಬೇಡ. ಡ್ರಮ್ಮಿನವ ಬಂದಿಲ್ಲ, ಇವನೇ ಸಾಕು."
ಪೆಡ್ನೇಕರನ ಅಕಾರ್ಡಿಯನ್ ಉಸಿರೆಳೆಯಿತು.

ಅರ್ಧ ಕೊಂಕಣಿ, ಕಾಲು ಹಿಂದಿ, ಉಳಿದದ್ದು ಭುಜ.
ಕೊನೆಯ ಲೋಕಲ್ಲಿನಲ್ಲಿ ನಿದ್ದೆಹೋಗಿ
ಯಾರದೋ ಹೆಗಲ ಮೇಲೆ ಎಚ್ಚರಾದ ಹಾಡು.
ನಳದ ಸಾಲಿನಲ್ಲಿ ಜಾಗ ಕಾಯಲಿಟ್ಟ ಕೊಡಕ್ಕೇ
ಪ್ರೇಮಪತ್ರ ಬಂದ ಹಾಡು.
ದಿನಕ್ಕೆ ನೂರು ಸಲ ಹದಿನಾಲ್ಕು ಮಹಡಿ ಏರಿಯೂ
ಎಲ್ಲಿಗೂ ಹೋಗದ ಲಿಫ್ಟಿನವನದು.
ಮತ್ತೆ, ಕಣ್ಣು ಮುಚ್ಚಿ,
'ನನ್ನ ಹೆಸರು ಕೇಳದ ಊರೇ,
ನಿನ್ನಷ್ಟು ಚಂದವಾಗಿ ಯಾರೂ ನನ್ನನ್ನು ಮರೆತಿಲ್ಲ.'

ಎಂಟು ನಲವತ್ತಕ್ಕೆ ಕರೆಂಟು ಹೋಯಿತು.
ಕಂಪ್ರೆಸರ್ ನಿಂತಿತು. ನನ್ನ ಪೆಟ್ಟಿಗೆ ಕಣ್ಣು ಮುಚ್ಚಿತು.
ಧಕ್ಕೆಗೆ ನೀರು ಬಡಿಯುವುದು ಕೇಳಿತು,
ಇಷ್ಟು ಹತ್ತಿರ ಇತ್ತೇ ಅದು!
"ಇದರಲ್ಲಿ ನನಗೆ ಹಾಡಲು ಬರುವುದಿಲ್ಲ,"
ಮೈಕಿಲ್ಲದ ದನಿ ಸಣ್ಣದು, ಮನೆಯದು,
"ಸದ್ದಿಲ್ಲದ ಕಡೆ ಹಾಡಿ ಗೊತ್ತಿಲ್ಲ."

ಆಗ ಹಿಂದಿನಿಂದ ಯಾರೋ ಕುರ್ಚಿಯ ತಗಡಿಗೆ ಉಗುರು ಬಡಿದರು,
ಕಟಕಟಾ, ಕಟಕಟಾ, ಹಳಿ ಬದಲಿಸುವ ರೈಲು.
ಅಲ್ಲಿಯ ಬಂದರಿನಲ್ಲಿ ಮೂಟೆ ಹೊತ್ತ ವಿಠೋಬ ತಾಂಡೇಲ.
ಪರೇಲಿನಲ್ಲಿ ರಾತ್ರಿಪಾಳಿ ಮಾಡಿದ ನರ್ಸ್ ಸೆವ್ರಿನಾ
ಪಾವಿನವನ ಕೂಗು ಕೂಗಿದಳು, ಬೆಳಗಿನ ಐದರದ್ದು.
ಯಾರೋ ಡಬಲ್ ಡೆಕ್ಕರಿನ ಗಂಟೆಯಾದರು,
ಯಾರೋ ಬಾಡಿಗೆ ಕೇಳುವ ಮಾಲಿಕ.
ಅಂಕೋಲಾ ದಾಟದವರು ಕೂಡ
'ಸರಕೋ, ಸರಕೋ' ಎಂದು ಒಬ್ಬರನ್ನೊಬ್ಬರು ತಳ್ಳಿದರು.
ಅತ್ತರಿನವನು, ದೇವರಾಣೆ, ಕುಕ್ಕರಿನಂತೆ ಸೀಟಿ ಹಾಕಿದ,
ಮುನ್ನೂರು ಅಡುಗೆಮನೆಗಳ ಪರವಾಗಿ.

ಅಷ್ಟು ಗದ್ದಲದ ಮೇಲೆ ಅವಳ ದನಿ
ದೋಣಿ ನೀರಿಗಿಳಿದ ಹಾಗೆ ಇಳಿದು, ತೇಲಿತು.
ಕೆಳಗೆ ಮಂಜುಗಡ್ಡೆ ಹನಿಯತೊಡಗಿತ್ತು;
ಫ್ಯಾಕ್ಟರಿಯವನು ಹೆಸ್ಕಾಮಿಗೆ ಬೈಯುತ್ತಲೇ ತಾಳ ಹಾಕುತ್ತಿದ್ದ.
ನಾನು? ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ
ಕೆಲಸವಿಲ್ಲದೆ ಕೂತು ಕೇಳಿದೆ.

ಮರುದಿನ ಸೊಸೈಟಿಯ ಸಭೆ.
ನಷ್ಟದ ಲೆಕ್ಕ ಓದಲು ಬಂದ ಅಧ್ಯಕ್ಷರು
ಮೈಕಿನ ಜಾಲರಿ ನೋಡಿ ತಡೆದರು.
ಕೆಂಪು, ಒಂದು ತುಟಿಯಷ್ಟು.
ಕರವಸ್ತ್ರ ತೆಗೆದರು. ನಾನು ದೂರದಿಂದಲೇ ಬೇಡವೆಂದು ಕೈಮಾಡಿದೆ.
ಏನನ್ನಿಸಿತೋ, ಮಡಚಿ ಕಿಸೆಗೆ ಹಾಕಿದರು.
ಹಲೋ, ಅಂದರು.
ಹಲೋ,
ಎರಡನೆಯದು ಸ್ವಲ್ಪ ಎಳೆದು.