ಲ್ಯಾಮಿನೇಶನ್

ಇಸ್ತಾಂಬುಲ್ಲಿನ ಸೆಫಾಕೊಯ್‌ನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ.
ಬಾಡಿಗೆ ಕರಾರು, ಪರೀಕ್ಷೆಯ ನೋಟ್ಸು, ತಪ್ಪಿಸಿಕೊಂಡ ಬೆಕ್ಕಿನ ಚಿತ್ರ,
ಯಾವುದನ್ನೂ ಓದುವವನಲ್ಲ ನಾನು. ಓದುತ್ತ ಕೂತರೆ ಕೆಲಸ ಸಾಗದು.
ಹೊರ್ನಿಸಾ ಬಂದ ದಿನವೂ ಅಷ್ಟೆ.
ಅವಳ ಮಾತು ನನ್ನ ಮುತ್ತಜ್ಜಿಯ ಮಾತಿನ ಹಾಗೆ,
ಅರ್ಧ ತಿಳಿಯುತ್ತದೆ, ಉಳಿದರ್ಧ ಕೈಯಲ್ಲಿ ತೋರಿಸುತ್ತಾಳೆ.
ಮೊಬೈಲು ಚಾಚಿ, ಈ ಮುಖ ಬೇಕು ಎಂದಳು,
ಎದೆಯಗಲ.

ಮದುವೆಮನೆಯ ಫೋಟೋ. ಕರಬೂಜದ ಹೋಳು, ರೊಟ್ಟಿಯ ಗುಡ್ಡೆ,
ನಡುವೆ ಒಬ್ಬ ನಗುತ್ತಿದ್ದಾನೆ, ಬಾಯಲ್ಲಿನ್ನೂ ತುತ್ತಿದೆ.
ಇದಕ್ಕಿಂತ ಗಂಭೀರದ್ದು ಇಲ್ಲವೇ, ಎಂದೆ.
ಅಣ್ಣ ಗಂಭೀರವಾಗಿದ್ದದ್ದೇ ಕಡಿಮೆ, ಎಂದಳು.

ಅವನ ಹೆಗಲ ಮೇಲೆ ಯಾರದೋ ಕೈ.
ಅದನ್ನು ತೆಗೆಯಿರಿ.
ಇರಲಿ ಬಿಡಿ, ಚೆನ್ನಾಗಿದೆ.
ಉಂಗುರ ಕಾಣುತ್ತೆ.
ಆ ಬೆರಳು ಇನ್ನೂ ಊರಲ್ಲೇ ಇದೆ.
ಇಷ್ಟು ಹೇಳಿ ಸುಮ್ಮನಾದಳು. ನಾನು ಕತ್ತರಿಸಿದೆ,
ಒಂದೊಂದೇ ಬೆರಳು, ಉಂಗುರದ್ದು ಕೊನೆಗೆ.
ಅಂಗಿಯ ಮೇಲೆ ಸುಕ್ಕು ಮಾತ್ರ ಉಳಿಯಿತು,
ಯಾರೂ ಒತ್ತದೆ ಬಿದ್ದ ಸುಕ್ಕು.

ಬಿಸಿ ಉರುಳೆಗಳ ನಡುವಿಂದ ಹೊರಬರುವಾಗ
ಮುಖ ಬೆಚ್ಚಗಿರುತ್ತದೆ.
ಕೆನ್ನೆಗೆ ಒತ್ತಿಕೊಂಡು ನಿಂತಳು, ತಣ್ಣಗಾಗುವ ತನಕ.
ಗಿರಾಕಿಗಳು ಕಾದರು.

ಆಮೇಲೆ ಮೆತ್ನಿಯಾಜ್ ಮುದುಕ ಬಂದ. ಹೆಂಡತಿ, ಮಗ, ಎರಡು ಫೋಟೋ.
ರಟ್ಟೆ ಸೋಲುತ್ತೆ, ಬೆನ್ನಿಗೆ ಬೆನ್ನು ಹಚ್ಚಿ ಒಂದೇ ಮಾಡಿಕೊಡು, ಎಂದ.
ಮಾಡಿಕೊಟ್ಟ ಮೇಲೆ ಚಿಂತೆ ಹತ್ತಿತು:
ಗೇಟಿನ ಕಡೆ ಯಾರ ಮುಖ?
ಅರ್ಧ ಗಂಟೆಗೊಮ್ಮೆ ಮಗುಚುತ್ತೇನೆ ಬಿಡು, ಎಂದ,
ರೊಟ್ಟಿ ಸುಡುವವನ ಹಾಗೆ.

ಐದನೇ ವರ್ಷ ಹೊರ್ನಿಸಾ ಕೇಳಿದಳು,
ಅಣ್ಣನಿಗೂ ವಯಸ್ಸಾಗಿರುತ್ತಲ್ಲ,
ಒಂದಿಷ್ಟು ನರೆ ಹಾಕಲಾದೀತೇ?
ಕಿವಿಯ ಪಕ್ಕ ಬೆಳ್ಳಗೆ ಎಳೆದೆ, ಕಣ್ಣ ಕೆಳಗೆ ಎರಡು ಗೆರೆ.
ನೋಡಿದಳು, ನೋಡಿದಳು.
ಅಪ್ಪ, ಎಂದಳು.
ಬೇಡ, ಅಳಿಸಿಬಿಡಿ.
ಅವಳ ಅಪ್ಪನ ವಿಷಯ ನಾನು ಕೇಳಲಿಲ್ಲ.

ಹೋದ ಮಂಗಳವಾರ ಸುರುಳಿಯನ್ನು ಅಂಗಡಿಯಲ್ಲೇ ಮರೆತು ಹೋಗಿದ್ದಳು.
ಶಟರ್ ಎಳೆದು ಹೊರಟೆ. ಹಾಜಿಒಸ್ಮಾನ್‌ವರೆಗೆ ಮೆಟ್ರೋ,
ಅಲ್ಲಿಂದ ಮಿನಿಬಸ್ಸು. ಇಳಿದರೆ
ನಲವತ್ತು ಜನವೂ ಇಲ್ಲ.
ಕಬ್ಬಿಣದ ಬೇಲಿ, ಚಹಾ ಊದಿಕೊಳ್ಳುತ್ತಿರುವ ಪೊಲೀಸರು,
ರಾಯಭಾರ ಕಚೇರಿಯ ಮುಚ್ಚಿದ ಗೇಟು, ಕತ್ತು ಹೊರಳಿಸುವ ಕ್ಯಾಮೆರಾ.
ನೀಲಿ ಬಾವುಟಗಳು ಗಾಳಿಗೆ ಕೋಲಿಗೇ ಸುತ್ತಿಕೊಂಡಿದ್ದವು.

ಮೆಗಾಫೋನಿನ ಬ್ಯಾಟರಿ ಸತ್ತಿತ್ತು. ಹುಡುಗಿಯೊಬ್ಬಳು
ಬರಿಗಂಟಲಲ್ಲೇ ಹೆಸರು ಓದುತ್ತಿದ್ದಳು, ಶಾಲೆಯ ಹಾಜರಿಯ ಹಾಗೆ.
ಒಂದು ಹೆಸರು, ಆಮೇಲೆ
ಒಬ್ಬ ಮನುಷ್ಯ ಓ ಎನ್ನಲು ಬೇಕಾಗುವಷ್ಟು ಹೊತ್ತು
ಎಲ್ಲರೂ ಸುಮ್ಮನಿರುತ್ತಾರೆ.
ಬಸ್ಸಿನ ಬ್ರೇಕು ಕೇಳುತ್ತದೆ. ಕಡಲಹಕ್ಕಿ ಕೇಳುತ್ತದೆ.
ಮತ್ತೆ ಇನ್ನೊಂದು ಹೆಸರು.

ಹೊರ್ನಿಸಾ ನೀರಿನ ಬಾಟಲಿ ಹಂಚುತ್ತಿದ್ದಳು.
ಹಿಡಿದುಕೊಂಡಿರಿ, ಬಂದೆ, ಎಂದಳು. ಬರಲಿಲ್ಲ.
ಹಿಡಿದುಕೊಂಡೇ ನಿಂತೆ.
ನಾಯಿ ಸುತ್ತಾಡಿಸುತ್ತಿದ್ದ ಹೆಂಗಸೊಬ್ಬಳು ನಿಂತು,
ಇವರು ನಿಮಗೇನಾಗಬೇಕು, ಎಂದು ಕೇಳಿದಳು.
ಗಿರಾಕಿ, ಎಂದೆ.
ಬಾಯಿಗೆ ಬಂದದ್ದು ಅದೇ.

ಬಿಸಿಲು ಬಿದ್ದಾಗ ಪ್ಲಾಸ್ಟಿಕ್ಕು ಹೊಳೆದು ಮುಖ ಅಳಿಸಿಹೋಗುತ್ತದೆ.
ಅಂಗಡಿಯೊಳಗೆ ಇದು ಗೊತ್ತಾಗಿರಲಿಲ್ಲ.
ಸ್ವಲ್ಪ ವಾಲಿಸಿ ಹಿಡಿದೆ. ಮೊದಲು ಹಲ್ಲು ಬಂತು,
ಆಮೇಲೆ ಕಣ್ಣು, ಹೆಗಲು, ಆ ಸುಕ್ಕು.
ಹೊಳಪಿಲ್ಲದ ಹಾಳೆ ತರಿಸಬೇಕು. ತುಸು ದುಬಾರಿ.

ಕತ್ತರಿಸಿದ ಬೆರಳುಗಳು ಇನ್ನೂ ನನ್ನ ಕಂಪ್ಯೂಟರಿನಲ್ಲಿವೆ,
ಹೆಸರಿಡದ ಫೈಲಿನಲ್ಲಿ.
ಅಳಿಸಬೇಕು, ಗೊತ್ತು.
ದಿನಾ ಅಂಗಡಿ ಮುಚ್ಚುವ ಮುನ್ನ ಒಮ್ಮೆ ತೆರೆಯುತ್ತೇನೆ.
ಉಂಗುರದಲ್ಲೊಂದು ಹಸಿರು ಕಲ್ಲಿದೆ.